ಕಂಪನಿ ಲೆಕ್ಕಪತ್ರ ಓದುವುದು ಹೇಗೆ: ಲಾಭದ ಸಾಲನ್ನು ಕೊನೆಗೆ ಇಟ್ಟುಕೊಳ್ಳಿ

"ಲಾಭ 40% ಏರಿದೆ, ಆದರೂ ಷೇರು ಯಾಕೆ ಬಿತ್ತು?" "ವಾರ್ಷಿಕ ವರದಿ ತೆಗೆದೆ, 50 ಪುಟ ಓದಿದೆ, ಏನೂ ತಲೆಗೆ ಹೋಗಲಿಲ್ಲ." ಈ ಎರಡು ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅವರ ಪಕ್ಕ ಕೂತು ಹೇಗೆ ಓದುತ್ತಾರೆ ಅಂತ ನೋಡಿದರೆ ಎಲ್ಲರೂ ಎಡವುವುದು ಒಂದೇ ಕಡೆ. ಒಂದೋ ಮೊದಲ ಪುಟದಿಂದ ಶುರು ಮಾಡುತ್ತಾರೆ, ಇಲ್ಲಾ ಸೀದಾ ನಿವ್ವಳ ಲಾಭದ ಸಾಲಿಗೆ ಹಾರುತ್ತಾರೆ.

ವರದಿಯಲ್ಲಿ ಪುಟಗಳು ಯಾವ ಕ್ರಮದಲ್ಲಿ ಇರಬೇಕು ಅಂತ ತೀರ್ಮಾನಿಸುವುದು ಕಂಪನಿ. ನಗುಮುಖದ ಫೋಟೊ, ಅಧ್ಯಕ್ಷರ ಪತ್ರ, ಗಿಡ ನೆಟ್ಟ ಚಿತ್ರ ಎಲ್ಲ ಮುಂದೆ. ನಮಗೆ ಬೇಕಾದ್ದು ಹಿಂದೆ, ಸಣ್ಣ ಅಕ್ಷರದಲ್ಲಿ. ಹಾಗಾಗಿ ನಾವು ಬೇರೆ ಕ್ರಮ ಹಿಡಿಯೋಣ: ಮೊದಲು ಆಡಿಟರ್ (ಲೆಕ್ಕ ಪರಿಶೋಧಕ) ವರದಿ, ಆಮೇಲೆ ಕ್ಯಾಶ್ ಫ್ಲೋ (ನಗದು ಬಂದು ಹೋದ ಲೆಕ್ಕ), ಆಮೇಲೆ ಬ್ಯಾಲೆನ್ಸ್ ಶೀಟ್ (ಆಸ್ತಿ, ಸಾಲದ ಪಟ್ಟಿ), ಕೊನೆಗೆ ಲಾಭ-ನಷ್ಟ. ಇದು ಭಾರತದ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಬರೆದದ್ದು.

## ಕೂರುವ ಮೊದಲು ಏನೇನು ಬೇಕು

ವಾರ್ಷಿಕ ವರದಿಯ ಪಿಡಿಎಫ್ ಬೇಕು. ಬಿಎಸ್‌ಇ ಅಥವಾ ಎನ್‌ಎಸ್‌ಇ ಅನ್ನುವ ಷೇರುಪೇಟೆಗಳ ಜಾಲತಾಣದಲ್ಲಿ ಕಂಪನಿ ಹೆಸರು ಹಾಕಿದರೆ ಪುಕ್ಕಟೆ ಸಿಗುತ್ತದೆ. ಒಂದು ವರ್ಷದ್ದು ಸಾಲದು, ಕಡಿಮೆ ಅಂದರೂ ಮೂರು ವರ್ಷದ್ದು ಇಳಿಸಿಕೊಳ್ಳಿ, ಐದಾದರೆ ಒಳ್ಳೆಯದು. ಅದೇ ವ್ಯವಹಾರದ ಇನ್ನೊಂದು ಕಂಪನಿಯ ವರದಿಯೂ ಇರಲಿ. ಮೊಬೈಲಿನಲ್ಲಿ ಇದು ಆಗುವ ಕೆಲಸವಲ್ಲ, ಎರಡು ವರ್ಷದ ಅಂಕಣ ಒಟ್ಟಿಗೆ ಕಾಣುವಷ್ಟು ದೊಡ್ಡ ಪರದೆ ಬೇಕು. ಜೊತೆಗೆ ಒಂದು ಎಕ್ಸೆಲ್ ಹಾಳೆ ಇಲ್ಲವೇ ಗೆರೆ ಹೊಡೆದ ನೋಟ್‌ಬುಕ್.

ತ್ರೈಮಾಸಿಕ ಫಲಿತಾಂಶ ನೋಡಿ ಕಲಿಯಲು ಹೋಗಬೇಡಿ. ಜೂನ್ ಮತ್ತು ಡಿಸೆಂಬರ್ ತ್ರೈಮಾಸಿಕಗಳಲ್ಲಿ ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ ಕೊಡಲೇಬೇಕೆಂಬ ನಿಯಮ ಇಲ್ಲ. ಅಂದರೆ ಬರೀ ಲಾಭ-ನಷ್ಟದ ಹಾಳೆ ಕೈಗೆ ಬರುತ್ತದೆ, ನಾವು ತಪ್ಪಿಸಬೇಕು ಅಂತಿರುವುದೇ ಅದನ್ನು.

ಮೊದಲ ಸಲಕ್ಕೆ ಬ್ಯಾಂಕು, ವಿಮೆ, ಫೈನಾನ್ಸ್ ಕಂಪನಿ ಬೇಡ. ಅವುಗಳಿಗೆ ಸಾಲ ಅನ್ನುವುದೇ ಸರಕು, ಕೆಳಗಿನ ಅರ್ಧ ಲೆಕ್ಕ ಅಲ್ಲಿ ಕೂರುವುದಿಲ್ಲ. ಪೈಪು, ಪೇಂಟು, ಬಿಸ್ಕತ್ತು, ಪಂಪು, ಇಂಥದ್ದೇನಾದರೂ ಮಾಡುವ ಕಂಪನಿ ಹಿಡಿಯಿರಿ.

## ಹಂತ 1: ಯಾವ ಹಾಳೆ, ಯಾವ ಅಳತೆ

ಅಂಗಸಂಸ್ಥೆಗಳು (ಕಂಪನಿಯ ಹಿಡಿತದಲ್ಲಿರುವ ಬೇರೆ ಕಂಪನಿಗಳು) ಇದ್ದರೆ ಒಂದೇ ವರದಿಯಲ್ಲಿ ಎರಡು ಜೊತೆ ಲೆಕ್ಕ ಇರುತ್ತದೆ. ಸ್ಟ್ಯಾಂಡ್‌ಅಲೋನ್ ಅಂದರೆ ಆ ಒಂದು ಕಂಪನಿಯದು ಮಾತ್ರ. ಕನ್ಸಾಲಿಡೇಟೆಡ್ ಅಂದರೆ ಅಂಗಸಂಸ್ಥೆಗಳನ್ನೆಲ್ಲ ಸೇರಿಸಿದ್ದು. ಓದಬೇಕಾದ್ದು ಕನ್ಸಾಲಿಡೇಟೆಡ್. ಕೆಲವು ಸಲ ತಾಯಿ ಕಂಪನಿ ಸಾಲವಿಲ್ಲದೆ ನಳನಳಿಸುತ್ತಾ ಇರುತ್ತದೆ, ಸಾಲವೆಲ್ಲ ಮಗಳು ಕಂಪನಿಯ, ಅಂದರೆ ಅಂಗಸಂಸ್ಥೆಯ ಹೆಸರಿನಲ್ಲಿ ಇರುತ್ತದೆ. ಸ್ಟ್ಯಾಂಡ್‌ಅಲೋನ್ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಹಾಳೆಯ ಮೇಲ್ತುದಿಯಲ್ಲಿ ಸಣ್ಣದಾಗಿ "ಕೋಟಿಗಳಲ್ಲಿ", "ಲಕ್ಷಗಳಲ್ಲಿ", "ಮಿಲಿಯನ್‌ಗಳಲ್ಲಿ" ಅಂತ ಇರುತ್ತದೆ. 10 ಮಿಲಿಯನ್ ಅಂದರೆ 1 ಕೋಟಿ. ಸಿಲ್ಲಿ ಅನ್ನಿಸಬಹುದು, ಆದರೆ ಎರಡು ಕಂಪನಿ ಹೋಲಿಸುವಾಗ ಒಂದು ಲಕ್ಷದಲ್ಲಿ, ಇನ್ನೊಂದು ಕೋಟಿಯಲ್ಲಿ ಇದ್ದು ನೂರು ಪಟ್ಟು ತಪ್ಪು ಲೆಕ್ಕ ಹಾಕಿದವರನ್ನು ಕಂಡಿದ್ದೇನೆ. ನಾನೂ ಒಬ್ಬ.

## ಹಂತ 2: ಆಡಿಟರ್ ಏನು ಹೇಳಿದ್ದಾರೆ

ಪಿಡಿಎಫ್‌ನಲ್ಲಿ ಆಡಿಟರ್ ವರದಿ ಹುಡುಕಿ, "ಒಪಿನಿಯನ್" ಅನ್ನುವ ತಲೆಬರಹ ಓದಿ. ನಾಲ್ಕು ಬಗೆ ಇರುತ್ತದೆ. ಲೆಕ್ಕ ಸರಿಯಾಗಿದೆ ಅಂದರೆ ಕ್ಲೀನ್. ಇದೊಂದು ವಿಷಯ ಬಿಟ್ಟು ಉಳಿದದ್ದು ಸರಿ ಅಂದರೆ ಕ್ವಾಲಿಫೈಡ್. ಲೆಕ್ಕವೇ ಸರಿಯಿಲ್ಲ ಅಂದರೆ ಅಡ್ವರ್ಸ್. ಅಭಿಪ್ರಾಯ ಕೊಡುವಷ್ಟು ದಾಖಲೆಯೇ ಸಿಗಲಿಲ್ಲ ಅಂದರೆ ಡಿಸ್‌ಕ್ಲೇಮರ್. "ಕ್ವಾಲಿಫೈಡ್" ಅನ್ನುವ ಮಾತು ಕೇಳಿ ಒಳ್ಳೆಯದು ಅಂದುಕೊಳ್ಳುವವರಿದ್ದಾರೆ. ಇಲ್ಲಿ ಅದರ ಅರ್ಥ ಉಲ್ಟಾ, ಆಡಿಟರ್ ತಕರಾರು ತೆಗೆದಿದ್ದಾರೆ ಅಂತ. ಕೊನೆಯ ಎರಡು ಬಗೆ ಕಂಡರೆ ವರದಿ ಮುಚ್ಚಿ ಬೇರೆ ಕಂಪನಿ ಹುಡುಕಿ, ಅಷ್ಟೇ.

ಕ್ಲೀನ್ ಇದ್ದರೂ ಎರಡು ಕಡೆ ಕಣ್ಣು ಹಾಯಿಸಿ. "ಗೋಯಿಂಗ್ ಕನ್ಸರ್ನ್" ಬಗ್ಗೆ ಬೇರೆ ಪ್ಯಾರಾ ಬರೆದಿದ್ದರೆ ಕಂಪನಿ ಮುಂದೆ ನಡೆಯುತ್ತದೋ ಇಲ್ಲವೋ ಅನ್ನುವುದೇ ಅನುಮಾನ ಅಂತ ಅರ್ಥ. "ಕೀ ಆಡಿಟ್ ಮ್ಯಾಟರ್ಸ್" ಅಂದರೆ ಆಡಿಟರ್ ಯಾವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡರು ಅನ್ನುವ ಪಟ್ಟಿ. ಮುಂದೆ ನಾವೂ ಅಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು.

ಇನ್ನು ಒಂದು ಗುಟ್ಟಿನ ಜಾಗ. ಸ್ಟ್ಯಾಂಡ್‌ಅಲೋನ್ ಆಡಿಟರ್ ವರದಿಯ ಕೊನೆಗೆ ಕಾರೋ 2020 (ಕಂಪನಿ ಆಡಿಟರ್ ವರದಿಯ ಸರ್ಕಾರಿ ಆದೇಶ) ಅನ್ನುವ ಅನುಬಂಧ ಇರುತ್ತದೆ. ಆಗಲೇ ಕನ್ಸಾಲಿಡೇಟೆಡ್ ಓದಿ ಅಂದೆ, ಇದೊಂದಕ್ಕೆ ಮಾತ್ರ ಸ್ಟ್ಯಾಂಡ್‌ಅಲೋನ್ ಕಡೆಗೆ ಹೋಗಬೇಕು. ಸಾಲದ ಕಂತು ತಪ್ಪಿದೆಯಾ, ಪಿಎಫ್ ಮತ್ತು ತೆರಿಗೆ ಆರು ತಿಂಗಳಿಗಿಂತ ಜಾಸ್ತಿ ಬಾಕಿ ಇದೆಯಾ, ಜಮೀನಿನ ಪತ್ರ ಕಂಪನಿ ಹೆಸರಿನಲ್ಲೇ ಇದೆಯಾ ಅಂತ ಆಡಿಟರ್ ಒಂದೊಂದಕ್ಕೂ ಉತ್ತರ ಬರೆಯಲೇಬೇಕು. ನನಗೆ ಬಹಳ ಇಷ್ಟವಾದದ್ದು ಇನ್ನೊಂದು: ಸರಕು ಮತ್ತು ಬಾಕಿ ತೋರಿಸಿ ಬ್ಯಾಂಕಿನಿಂದ 5 ಕೋಟಿಗಿಂತ ಜಾಸ್ತಿ ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಸಾಲದ ಮಿತಿ ಪಡೆದಿದ್ದರೆ, ಕಂಪನಿ ಬ್ಯಾಂಕಿಗೆ ಕೊಟ್ಟ ಲೆಕ್ಕವೂ ತನ್ನ ಪುಸ್ತಕದ ಲೆಕ್ಕವೂ ತಾಳೆ ಆಗುತ್ತದಾ ಅನ್ನುವುದು. ಬ್ಯಾಂಕಿಗೆ ಒಂದು, ನಮಗೆ ಒಂದು ತೋರಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಎಚ್ಚರಿಕೆ: ಆಡಿಟರ್ ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟಿದ್ದರೆ ಅವರು ಕೊಟ್ಟ ಕಾರಣ ಓದಿ. "ಬೇರೆ ಕೆಲಸಗಳ ಒತ್ತಡ" ಅಂತ ಬರೆದು ಮಾರ್ಚ್‌ಗೆ ಸ್ವಲ್ಪ ಮುಂಚೆ ಹೊರಟರೆ ನಾನಂತೂ ನಂಬುವುದಿಲ್ಲ.

## ಹಂತ 3: ಕ್ಯಾಶ್ ಫ್ಲೋ, ಇಲ್ಲಿ ನಿಧಾನ

ನಮ್ಮ ಚಿಕ್ಕಪ್ಪನ ಕಿರಾಣಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಒಂದು ಕಡೆ, ಕೆಂಪು ರಟ್ಟಿನ ಉದ್ದರಿ ಪುಸ್ತಕ ಇನ್ನೊಂದು ಕಡೆ ಇರುತ್ತಿತ್ತು. ದಿನಕ್ಕೆ 10 ಸಾವಿರದ ವ್ಯಾಪಾರ ಆಯಿತು ಅಂದರೆ ಅದರಲ್ಲಿ 4 ಸಾವಿರ ಪುಸ್ತಕದಲ್ಲೇ ಇರುತ್ತಿತ್ತು. ಲಾಭ-ನಷ್ಟದ ಹಾಳೆ ಎರಡನ್ನೂ ಕೂಡಿಸಿ ವ್ಯಾಪಾರ ಅನ್ನುತ್ತದೆ. ಗಲ್ಲಾಪೆಟ್ಟಿಗೆ ಮಾತ್ರ ನೋಡುವುದು ಕ್ಯಾಶ್ ಫ್ಲೋ.

ಒಂದು ಪಂಪ್ ಕಂಪನಿ ಇದೆ ಅಂದುಕೊಳ್ಳಿ. ಇದು ನಾನೇ ಕಟ್ಟಿದ ಲೆಕ್ಕ, ಪೆನ್ನು ಹಿಡಿದು ಜೊತೆಗೆ ಬರೆಯುತ್ತಾ ಹೋಗಿ.

ಕಳೆದ ವರ್ಷ ಮಾರಾಟ 400 ಕೋಟಿ, ನಿವ್ವಳ ಲಾಭ 30 ಕೋಟಿ. ಈ ವರ್ಷ ಮಾರಾಟ 500 ಕೋಟಿ, ಲಾಭ 42 ಕೋಟಿ. ಮಾರಾಟ 25%, ಲಾಭ 40% ಮೇಲೆ. ಪೇಪರಿನಲ್ಲಿ ದಪ್ಪ ಅಕ್ಷರದ ಸುದ್ದಿ.

ಈಗ ಕ್ಯಾಶ್ ಫ್ಲೋ ತೆಗೆಯಿರಿ. ಮೊದಲ ಭಾಗ ದಿನನಿತ್ಯದ ವ್ಯವಹಾರದಿಂದ ಬಂದ ನಗದು. ಅದು ಶುರುವಾಗುವುದು ತೆರಿಗೆಗೆ ಮುಂಚಿನ ಲಾಭದಿಂದ, ಇಲ್ಲಿ 56 ಕೋಟಿ. ಸವಕಳಿ (ಯಂತ್ರ, ಕಟ್ಟಡ ಸವೆದದ್ದರ ಲೆಕ್ಕ) 15 ಕೋಟಿ ವಾಪಸ್ ಕೂಡಿಸುತ್ತಾರೆ, ಯಾಕೆಂದರೆ ಅದು ಪುಸ್ತಕದ ಖರ್ಚು, ಯಾರಿಗೂ ದುಡ್ಡು ಕೊಟ್ಟಿಲ್ಲ. ಬಡ್ಡಿ 12 ಕೋಟಿಯನ್ನೂ ಕೂಡಿಸುತ್ತಾರೆ, ಅದನ್ನು ಕೆಳಗೆ ಬೇರೆ ತೋರಿಸುವುದಕ್ಕೆ. 83 ಆಯಿತು. ಈಗ ನೋಡಿ ಮಜಾ. ಗಿರಾಕಿಗಳಿಂದ ಬರಬೇಕಾದ ಬಾಕಿ 70 ಕೋಟಿ ಇದ್ದದ್ದು 128 ಆಗಿದೆ, 58 ಕೋಟಿ ಸಿಕ್ಕಿಹಾಕಿಕೊಂಡಿತು. ದಾಸ್ತಾನು 60 ಇದ್ದದ್ದು 85 ಆಗಿದೆ, ಇನ್ನೊಂದು 25 ಗೋಡೌನಿನಲ್ಲಿ. ಮಾಲು ಕೊಟ್ಟವರಿಗೆ ನಾವು ಉಳಿಸಿಕೊಂಡ ಬಾಕಿ 7 ಕೋಟಿ ಏರಿದೆ, ಅಷ್ಟು ಅನುಕೂಲ. 83ರಲ್ಲಿ 76 ಹೋಯಿತು, ಉಳಿದದ್ದು 7. ತೆರಿಗೆ ಕಟ್ಟಿದ್ದು 14. ಕೊನೆಗೆ ಮೈನಸ್ 7 ಕೋಟಿ.

42 ಕೋಟಿ ಲಾಭ ಮಾಡಿದ ಕಂಪನಿಯ ಕೈಗೆ ಒಂದು ರೂಪಾಯಿ ಬಂದಿಲ್ಲ, 7 ಕೋಟಿ ಕೈಯಿಂದಲೇ ಹೋಗಿದೆ. ಷೇರು ಯಾಕೆ ಬಿತ್ತು ಅನ್ನುವುದಕ್ಕೆ ಉತ್ತರ ಬಹಳ ಸಲ ಇಲ್ಲೇ ಇರುತ್ತದೆ.

ಎರಡನೇ ಭಾಗ ಯಂತ್ರ, ಕಟ್ಟಡಕ್ಕೆ ಹಾಕಿದ್ದು: ಮೈನಸ್ 20. ಮೂರನೇ ಭಾಗ ಸಾಲದ್ದು: ಹೊಸ ಸಾಲ 45 ಬಂತು, ಬಡ್ಡಿ 12 ಮತ್ತು ಡಿವಿಡೆಂಡ್ (ಷೇರುದಾರರಿಗೆ ಹಂಚಿದ ಲಾಭ) 4 ಹೋಯಿತು, ಒಟ್ಟು ಪ್ಲಸ್ 29. ಮೂರನ್ನೂ ಕೂಡಿಸಿದರೆ ವರ್ಷದ ಕೊನೆಗೆ ನಗದು 2 ಕೋಟಿ ಜಾಸ್ತಿ. ಈ ಕೊನೆಯ ಸಾಲು ಮಾತ್ರ ನೋಡಿ "ನಗದು ಏರಿದೆ" ಅಂತ ಖುಷಿ ಪಡುವವರಿದ್ದಾರೆ. ಏರಿದ್ದು ಸಾಲದ ದುಡ್ಡಿನಿಂದ. ಡಿವಿಡೆಂಡ್ ಕೊಟ್ಟದ್ದೂ ಅದರಿಂದಲೇ.

ಒಂದು ವರ್ಷ ಹೀಗಾದರೆ ಕಳ್ಳತನ ಅನ್ನಬೇಕಾಗಿಲ್ಲ. ಜೋರಾಗಿ ಬೆಳೆಯುವ ಕಂಪನಿಗೆ ಸರಕಿಗೂ ಉದ್ದರಿಗೂ ದುಡ್ಡು ಬೇಕೇ ಬೇಕು. ಆದರೆ ಐದು ವರ್ಷದ ಒಟ್ಟು ನಿವ್ವಳ ಲಾಭ ಒಂದು ಕಡೆ, ಐದು ವರ್ಷದ ಒಟ್ಟು ವ್ಯವಹಾರದ ನಗದು ಇನ್ನೊಂದು ಕಡೆ ಬರೆಯಿರಿ. ನಗದು ಲಾಭಕ್ಕಿಂತ ಬಹಳ ಕಡಿಮೆ ಇದ್ದರೆ, ಉಳಿದ ಪುಟ ಎಷ್ಟೇ ಚೆನ್ನಾಗಿದ್ದರೂ ನಾನು ಮುಂದೆ ಹೋಗುವುದಿಲ್ಲ. ಕೆಲವು ವರ್ಷದ ಹಿಂದೆ ಒಂದು ಸಣ್ಣ ಕಂಪನಿಯ ಷೇರು ಬರೀ ಲಾಭ ನೋಡಿ ತಗೊಂಡಿದ್ದೆ. ಆಡಿಟರ್ ಹೋದರು, ಷೇರು ದಿನಾ ಕೆಳಗೆ, ಮಾರೋಣ ಅಂದರೆ ಕೊಳ್ಳುವವರಿಲ್ಲ. ಆಮೇಲೆ ಹಳೇ ವರದಿ ತೆಗೆದರೆ ಮೂರು ವರ್ಷವೂ ಈ ಸಾಲು ಮೈನಸ್‌ನಲ್ಲೇ ಇತ್ತು. ಪುಟ ನನ್ನ ಮುಂದೆಯೇ ಇತ್ತು, ತಿರುವಿರಲಿಲ್ಲ.

ಸಣ್ಣ ಎಚ್ಚರಿಕೆ: ನಮ್ಮ ದೇಶದ ಲೆಕ್ಕಪತ್ರ ನಿಯಮದ ಪ್ರಕಾರ ಬಡ್ಡಿ ಕಟ್ಟಿದ್ದನ್ನೂ, ಅಂಗಡಿ ಬಾಡಿಗೆಯಂಥ ಲೀಸ್ ಕಂತಿನ ಹೆಚ್ಚಿನ ಪಾಲನ್ನೂ ಮೂರನೇ ಭಾಗದಲ್ಲಿ ತೋರಿಸುತ್ತಾರೆ. ಅದಕ್ಕೇ ಹೋಟೆಲ್, ಬಟ್ಟೆ ಅಂಗಡಿ ಸರಪಳಿಗಳ ಮೊದಲ ಭಾಗ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಎರಡನ್ನೂ ಕಳೆದು ನೋಡಿ.

## ಹಂತ 4: ಬ್ಯಾಲೆನ್ಸ್ ಶೀಟ್

ಇದು ಮಾರ್ಚ್ 31ರ ಒಂದು ದಿನದ ಫೋಟೊ. ಮದುವೆ ಮನೆಯ ಫೋಟೊ ಥರ, ಎಲ್ಲರೂ ತಯಾರಾಗಿಯೇ ನಿಂತಿರುತ್ತಾರೆ. ಇದನ್ನು ಮರೆಯಬಾರದು ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಕಾಫಿ ಡೇ ಎಂಟರ್‌ಪ್ರೈಸಸ್‌ನ ಅಂಗಸಂಸ್ಥೆಗಳಿಗೆ ಪ್ರಮೋಟರ್ (ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರು) ಕಡೆಯ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಕೊಡಬೇಕಿದ್ದ ಹಣ 2019ರ ಮಾರ್ಚ್ 31ಕ್ಕೆ 842 ಕೋಟಿ ಇತ್ತು. ಅದೇ ವರ್ಷ ಜುಲೈ 31ಕ್ಕೆ 3,535 ಕೋಟಿ ಅಂತ ಆಮೇಲಿನ ತನಿಖಾ ವರದಿ ಹೇಳಿತು. ಹೀಗೆ ಹಣ ಪ್ರಮೋಟರ್ ಕಡೆಗೆ ಹೋದದ್ದಕ್ಕೆ 2023ರ ಜನವರಿಯಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಕಂಪನಿಗೆ 26 ಕೋಟಿ ದಂಡ ಹಾಕಿತು. ಮಾರ್ಚ್ ತಿಂಗಳ ಫೋಟೊ ನೋಡಿ ಜುಲೈ ಊಹಿಸಲು ಆಗದು, ನಿಜ. ಆದರೆ 842 ಕೋಟಿಯೂ ಸಣ್ಣ ಮೊತ್ತ ಅಲ್ಲ ಅಲ್ವಾ? ಅಲ್ಲೇ ಪ್ರಶ್ನೆ ಹುಟ್ಟಬೇಕು.

ಓದುವ ಕ್ರಮ ಹೀಗಿರಲಿ.

ಸಾಲ. ದೀರ್ಘಾವಧಿ ಮತ್ತು ಅಲ್ಪಾವಧಿ ಎರಡು ಕಡೆ ಇರುತ್ತದೆ, ಎರಡನ್ನೂ ಕೂಡಿಸಿ. ಒಂದೇ ಕಡೆಯದು ನೋಡಿ "ಸಾಲ ಇಳಿದಿದೆ" ಅನ್ನುವುದು ಬಹಳ ಜನ ಮಾಡುವ ತಪ್ಪು. ನಮ್ಮ ಪಂಪ್ ಕಂಪನಿಯ ಸಾಲ 90ರಿಂದ 135 ಕೋಟಿ ಆಗಿದೆ. ಬಡ್ಡಿ 12 ಕೋಟಿ, ಸರಾಸರಿ ಸಾಲ 112.5 ಕೋಟಿ, ಅಂದರೆ ದರ 10.7% ಆಸುಪಾಸು. ಈ ಲೆಕ್ಕದಲ್ಲಿ 18-20% ಬಂದರೆ ವರ್ಷದ ನಡುವೆ ಸಾಲ ಜಾಸ್ತಿ ಇತ್ತು, ಮಾರ್ಚ್ ಕೊನೆಗೆ ಫೋಟೊಗೋಸ್ಕರ ತೀರಿಸಿದ್ದಾರೆ ಅನ್ನುವ ಅನುಮಾನ ಪಡಬಹುದು.

ಬರಬೇಕಾದ ಬಾಕಿ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಕಳೆದ ವರ್ಷ 64 ದಿನ, ಈ ವರ್ಷ 93 ದಿನ. ಮಾರಾಟ 25% ಏರಿ ಬಾಕಿ 83% ಏರಿದರೆ ಒಂದೋ ದುಡ್ಡು ಬೇಗ ಕೊಡದ ಗಿರಾಕಿಗಳಿಗೆ ಮಾಲು ತಳ್ಳುತ್ತಿದ್ದಾರೆ, ಇಲ್ಲಾ ಆ ಮಾರಾಟದ ಮೇಲೇ ಅನುಮಾನ ಪಡಬೇಕು. 2021-22ರಿಂದ ಬಾಕಿ ಎಷ್ಟು ಹಳೆಯದು ಅನ್ನುವ ಪಟ್ಟಿಯನ್ನೂ ಟಿಪ್ಪಣಿಯಲ್ಲಿ (ಲೆಕ್ಕದ ಹಿಂದೆ ಬರುವ ವಿವರಗಳ ಪುಟಗಳಲ್ಲಿ) ಕೊಡಬೇಕು: ಆರು ತಿಂಗಳೊಳಗಿನದು, ಒಂದು ವರ್ಷದ್ದು, ಎರಡು, ಮೂರು, ಅದಕ್ಕಿಂತ ಹಳೆಯದು. ಮೂರು ವರ್ಷ ದಾಟಿದ ಉದ್ದರಿ ವಾಪಸ್ ಬಂದದ್ದನ್ನು ಚಿಕ್ಕಪ್ಪನ ಅಂಗಡಿಯಲ್ಲಿ ನಾನಂತೂ ಕಂಡಿಲ್ಲ.

ನಗದು. ಬ್ಯಾಂಕಿನಲ್ಲಿ ದುಡ್ಡು ಇದೆ ಅಂತ ಬರೆದಿದ್ದರೆ ಅದಕ್ಕೆ ಬಡ್ಡಿ ಬರುತ್ತಿದೆಯಾ ನೋಡಿ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡಿದ್ದರು. ಬರಬೇಕಾದ ಬಡ್ಡಿ ಅಂತ ತೋರಿಸಿದ್ದ 376 ಕೋಟಿಯೂ ಸುಳ್ಳು. ಅಂದರೆ ಬಡ್ಡಿಯನ್ನೂ ಕಟ್ಟುಕತೆ ಮಾಡಬಹುದು. ಹಾಗಾಗಿ ಇನ್ನೊಂದು ಪ್ರಶ್ನೆಯೂ ಬೇಕು: ಇಷ್ಟು ದುಡ್ಡು ಇಟ್ಟುಕೊಂಡು ಮತ್ತೆ ಜಾಸ್ತಿ ಬಡ್ಡಿಗೆ ಸಾಲ ಯಾಕೆ ಮಾಡುತ್ತಿದ್ದಾರೆ? ಉತ್ತರ ಇರಬಹುದು, ಎಫ್‌ಡಿ ಅಡ ಇಟ್ಟಿರಬಹುದು, ವಿದೇಶದ ಖಾತೆಯಲ್ಲಿ ಇರಬಹುದು. ನಗದಿನ ಟಿಪ್ಪಣಿಯಲ್ಲಿ ಸಿಗದಿದ್ದರೆ ಅನುಮಾನ ಇಟ್ಟುಕೊಳ್ಳಿ.

ಮುಗಿಯದ ಕಾಮಗಾರಿ. "ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್" ಅನ್ನುವ ಸಾಲು. ನಾಲ್ಕು ವರ್ಷದಿಂದ ಕಟ್ಟುತ್ತಲೇ ಇರುವ ಕಾರ್ಖಾನೆ ಇದ್ದರೆ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಕೇಳಬೇಕು. ಇದಕ್ಕೂ ಎಷ್ಟು ಹಳೆಯದು ಅನ್ನುವ ಪಟ್ಟಿ ಟಿಪ್ಪಣಿಯಲ್ಲಿ ಇದೆ.

ಮೀಸಲು ನಿಧಿ. "ರಿಸರ್ವ್ಸ್ 800 ಕೋಟಿ ಇದೆ, ಬೋನಸ್ ಡಿವಿಡೆಂಡ್ ಕೊಡಬಹುದಲ್ಲ?" ಅದು ಲಾಕರಿನಲ್ಲಿರುವ ದುಡ್ಡಲ್ಲ. ಇಷ್ಟು ವರ್ಷ ಉಳಿಸಿಕೊಂಡ ಲಾಭದ ಲೆಕ್ಕ, ಅದು ಯಾವತ್ತೋ ಯಂತ್ರವಾಗಿ, ಸರಕಾಗಿ ಕೂತಿದೆ.

## ಹಂತ 5: ಈಗ ಲಾಭ-ನಷ್ಟ

ಇಷ್ಟು ಆದ ಮೇಲೆ ಇದು ಬೇಗ ಮುಗಿಯುತ್ತದೆ. ಮೇಲಿನ ಸಾಲು ವ್ಯವಹಾರದ ಆದಾಯ, ಅದರ ಕೆಳಗೆ "ಇತರ ಆದಾಯ". ಲಾಭದ ದೊಡ್ಡ ಪಾಲು ಇತರ ಆದಾಯದಿಂದ ಬಂದಿದ್ದರೆ ಕಂಪನಿ ಪಂಪ್ ಮಾರಿ ಬದುಕುತ್ತಿಲ್ಲ. "ಎಕ್ಸೆಪ್ಷನಲ್ ಐಟಮ್ಸ್" ಅಂದರೆ ಜಮೀನು ಮಾರಿದ್ದು, ಘಟಕ ಮುಚ್ಚಿದ್ದು ಇಂಥವು. ಅದನ್ನು ತೆಗೆದು ಲಾಭ ಹೋಲಿಸಿ. ಪ್ರತಿ ವರ್ಷವೂ ಒಂದಲ್ಲ ಒಂದು "ಅಪರೂಪದ" ನಷ್ಟ ಬರುತ್ತಿದ್ದರೆ ಅದು ಅಪರೂಪ ಅಲ್ಲ, ಅವರ ಮಾಮೂಲಿ ಖರ್ಚೇ.

ತೆರಿಗೆ ಒಳ್ಳೆಯ ಪತ್ತೇದಾರ. ಕಂಪನಿ ತೆರಿಗೆಯ ಹೊಸ, ಕಡಿಮೆ ದರ ಒಪ್ಪಿಕೊಂಡ ಕಂಪನಿ ಸರಿಸುಮಾರು 25% ಕಟ್ಟುತ್ತದೆ. ನಮ್ಮ ಕಂಪನಿ 56ಕ್ಕೆ 14, ಸರಿ ಇದೆ. ಲಾಭ ದೊಡ್ಡದು, ತೆರಿಗೆ ಪುಡಿಗಾಸು ಅಂದರೆ ಕಾರಣ ಹುಡುಕಿ. ಹಳೇ ನಷ್ಟದ ಹೊಂದಾಣಿಕೆ ಆಗಿದ್ದರೆ ಪರವಾಗಿಲ್ಲ. ಕಾರಣವೇ ಸಿಗದಿದ್ದರೆ, ತೆರಿಗೆ ಇಲಾಖೆಗೆ ತೋರಿಸದ ಲಾಭವನ್ನು ನಮಗೆ ಯಾಕೆ ತೋರಿಸುತ್ತಿದ್ದಾರೆ?

## ಹಂತ 6: ಟಿಪ್ಪಣಿಗಳಲ್ಲಿ ಮೂರು ಜಾಗ

ಟಿಪ್ಪಣಿ ನೂರು ಪುಟ ಇರುತ್ತದೆ, ಎಲ್ಲ ಓದಲು ಹೋದರೆ ನಿದ್ದೆ ಬರುತ್ತದೆ. ಕಂಟ್ರೋಲ್ ಎಫ್ ಒತ್ತಿ ಇಂಗ್ಲಿಷಿನಲ್ಲಿ ಹುಡುಕಿ.

"ರಿಲೇಟೆಡ್ ಪಾರ್ಟಿ": ಪ್ರಮೋಟರ್, ಅವರ ಮನೆಯವರು, ಅವರ ಬೇರೆ ಕಂಪನಿಗಳ ಜೊತೆ ನಡೆದ ವ್ಯವಹಾರ. ಬಾಡಿಗೆ, ಸಂಬಳ ಸಣ್ಣದಿದ್ದರೆ ಬಿಡಿ. ಸಾಲ ಕೊಟ್ಟದ್ದು, ಮುಂಗಡ ಕೊಟ್ಟದ್ದು, ವರ್ಷ ಕಳೆದರೂ ವಾಪಸ್ ಬಾರದ್ದು ಇದ್ದರೆ ಆ ಹೆಸರನ್ನೂ ಮೊತ್ತವನ್ನೂ ನೋಟ್‌ಬುಕ್ಕಿಗೆ ಹಾಕಿ.

"ಕಂಟಿಂಜೆಂಟ್": ಇವತ್ತು ಸಾಲ ಅಲ್ಲ, ನಾಳೆ ಆಗಬಹುದಾದದ್ದು. ತೆರಿಗೆ ವ್ಯಾಜ್ಯ, ಕೋರ್ಟ್ ಕೇಸು, ಬೇರೆ ಕಂಪನಿಯ ಸಾಲಕ್ಕೆ ಹಾಕಿದ ಜಾಮೀನು. ಮೊದಲ ಎರಡು ಎಲ್ಲರಿಗೂ ಇರುತ್ತವೆ. ಜಾಮೀನು ಯಾರ ಪರವಾಗಿ ಅನ್ನುವುದನ್ನು ಮಾತ್ರ ಬಿಡಬೇಡಿ. ಜಾಮೀನು ಹಾಕಿ ಕೆಟ್ಟವರು ನಮ್ಮ ಊರುಗಳಲ್ಲಿ ಕಡಿಮೆಯೇನಲ್ಲ.

"ರೇಶಿಯೋಸ್": ಸ್ಟ್ಯಾಂಡ್‌ಅಲೋನ್ ಟಿಪ್ಪಣಿಯ ಕೊನೆಕೊನೆಗೆ ಅನುಪಾತಗಳ ಪಟ್ಟಿ ಇದೆ. ಯಾವುದಾದರೂ ಅನುಪಾತ ಹಿಂದಿನ ವರ್ಷಕ್ಕಿಂತ 25%ಗೂ ಜಾಸ್ತಿ ಬದಲಾಗಿದ್ದರೆ ಕಂಪನಿಯೇ ಕಾರಣ ಬರೆಯಬೇಕು. ನಾನು ಈ ಕಾರಣಗಳ ಅಂಕಣವನ್ನೇ ಮೊದಲು ಓದುತ್ತೇನೆ. ಒಂದು ಸಾಲಿನ ಬೇಕಾಬಿಟ್ಟಿ ಉತ್ತರ ಇದ್ದರೆ ಅದೂ ಒಂದು ಮಾಹಿತಿಯೇ.

ವರದಿಯ ಹೊರಗಿನ ಒಂದು ಕೆಲಸ: ಷೇರುಪೇಟೆಯ ಜಾಲತಾಣದಲ್ಲಿ ಷೇರು ಹಂಚಿಕೆಯ ಪಟ್ಟಿ ತೆಗೆದು ಪ್ರಮೋಟರ್ ತಮ್ಮ ಷೇರು ಅಡಮಾನ ಇಟ್ಟಿದ್ದಾರಾ ನೋಡಿ. ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಅಡಮಾನ ಏರುತ್ತಿದ್ದರೆ ದುಡ್ಡಿನ ತಾಪತ್ರಯ ಮೇಲಿನವರಿಗೇ ಇದೆ.

## ಹಂತ 7: ವರ್ಷಗಳನ್ನು ಅಕ್ಕಪಕ್ಕ ಇಡಿ

ಹಾಳೆಯಲ್ಲಿ ಎಂಟೇ ಸಾಲು ಸಾಕು: ಮಾರಾಟ, ನಿವ್ವಳ ಲಾಭ, ವ್ಯವಹಾರದ ನಗದು, ಒಟ್ಟು ಸಾಲ, ಬಡ್ಡಿ, ಬಾಕಿಯ ದಿನ, ದಾಸ್ತಾನು, ಷೇರುಗಳ ಸಂಖ್ಯೆ. ಐದು ವರ್ಷದ ಐದು ಅಂಕಣ. ನಲವತ್ತು ಅನುಪಾತ ಹಾಕಿ ಬಣ್ಣ ಬಳಿದ ಎಕ್ಸೆಲ್ ಹಾಳೆ ಮಾಡಿ ಒಂದೂ ಓದದವರನ್ನು ಬೇಕಾದಷ್ಟು ನೋಡಿದ್ದೇನೆ. ಷೇರುಗಳ ಸಂಖ್ಯೆ ಯಾಕೆ ಅಂದರೆ, ಲಾಭ ದುಪ್ಪಟ್ಟಾಗಿ ಹೊಸ ಷೇರು ಕೊಟ್ಟು ಸಂಖ್ಯೆಯೂ ದುಪ್ಪಟ್ಟಾಗಿದ್ದರೆ ನಿಮ್ಮ ಪಾಲಿಗೆ ಏನೂ ಬಂದಿಲ್ಲ. ಬೋನಸ್ (ಇರುವ ಷೇರುದಾರರಿಗೆ ಪುಕ್ಕಟೆ ಷೇರು) ಅಥವಾ ಸ್ಪ್ಲಿಟ್ (ಒಂದು ಷೇರನ್ನು ಒಡೆದು ಹಲವು ಮಾಡುವುದು) ಆಗಿದ್ದರೆ ಹಳೆಯ ವರ್ಷದ ಸಂಖ್ಯೆಯನ್ನೂ ಸರಿಪಡಿಸಿಕೊಳ್ಳಿ, ಅವು ಬೇರೆ ಕತೆ.

ಹಳೇ ವರ್ಷದ ಅಂಕಿಯನ್ನು ಹಳೇ ವರದಿಯಿಂದಲೇ ತಗೊಳ್ಳಿ, ಆಮೇಲೆ ಹೊಸ ವರದಿಯಲ್ಲಿ ಅದೇ ವರ್ಷಕ್ಕೆ ಏನು ಬರೆದಿದ್ದಾರೆ ಅಂತ ತಾಳೆ ನೋಡಿ. ಬದಲಾಗಿದ್ದರೆ ಅದಕ್ಕೆ ಟಿಪ್ಪಣಿಯಲ್ಲಿ ಕಾರಣ ಇರಬೇಕು. ಆಮೇಲೆ ಪ್ರತಿಸ್ಪರ್ಧಿ ಕಂಪನಿಯ ಎಂಟು ಸಾಲು ಪಕ್ಕದಲ್ಲಿ ಬರೆಯಿರಿ. ಎಲ್ಲರಿಗೂ ಬಾಕಿ 90 ದಿನ ಇದ್ದರೆ ಆ ವ್ಯಾಪಾರವೇ ಹಾಗೆ. ಇವರಿಗೊಬ್ಬರಿಗೇ 90, ಉಳಿದವರಿಗೆ 60 ಅಂದರೆ ವಿಚಾರ ಬೇರೆ.

ಮೊದಲ ವರದಿಗೆ ಒಂದು ಇಡೀ ಭಾನುವಾರ ಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಆರೇಳು ಆದ ಮೇಲೆ ಎರಡು ಗಂಟೆ ಸಾಕು. ಮುಗಿದಾಗ ಕೈಯಲ್ಲಿ ಮೂರು ನಾಲ್ಕು ಪ್ರಶ್ನೆ ಉಳಿದಿರುತ್ತವೆ. ಕಂಪನಿಯವರು ಷೇರು ವಿಶ್ಲೇಷಕರ ಜೊತೆ ನಡೆಸುವ ಕರೆಗಳ ಬರಹ ಷೇರುಪೇಟೆ ಜಾಲತಾಣದಲ್ಲಿ ಸಿಕ್ಕರೆ ಅದರಲ್ಲಿ ಹುಡುಕಿ, ಒಂದೇ ಷೇರು ಇದ್ದರೂ ವಾರ್ಷಿಕ ಸಭೆಯಲ್ಲಿ ನೀವೇ ಕೇಳಬಹುದು. ಉತ್ತರ ಸಿಗದ ಸಾಲಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿಡಿ, ಮುಂದಿನ ವರ್ಷದ ವರದಿ ಬಂದ ದಿನ ಮೊದಲು ಅದೇ ಸಾಲು ತೆಗೆಯಿರಿ.